ಕಮಾನಿನ ಕೆಳಗಿನ ದಾರಿ

ತವರುಮನೆಯಿಂದ
18 ಮೇ 1989, ಗುರುವಾರ

ವೆಂಕೋಬ ಅವರಿಗೆ,

ನಿಮ್ಮ ಹೆಸರನ್ನು ನಾನು ಬರೆಯುತ್ತಿರುವುದು ಇದೇ ಮೊದಲು. ಮದುವೆಯಲ್ಲಿ ಹೊಸಿಲ ಬಳಿ ತಡೆದು ಗಂಡನ ಹೆಸರು ಹೇಳು ಎಂದಾಗ ಒಡಪು ಕಟ್ಟಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದ್ದೆ. ಆಮೇಲೆ ನನ್ನ ಕ್ಲಾಸಿಗೆ ಒಬ್ಬ ವೆಂಕೋಬ ಬಂದು ಸೇರಿದ. ಹಾಜರಿ ಕೂಗುವಾಗ ಅವನನ್ನು 'ಕಿಟಕಿ ಹತ್ತಿರದವನೇ' ಎಂದೇ ಕರೆದೆ. ನೀವು ಅದನ್ನು ಆಫೀಸಿನವರಿಗೆಲ್ಲ ಹೇಳಿ ನಗಿಸಿದಿರಿ. ಇವತ್ತು ಹೆಸರು ಬರೆದೆ. ಬರೆಯುವಾಗ ಏನೂ ಅನಿಸಲಿಲ್ಲ, ಅದಕ್ಕೇ ಬೇಸರವಾಯಿತು.

ನಿಮ್ಮ ನೀರಾವರಿ ಇಲಾಖೆಯ ಲಾರಿ ಓಡಿಸುವ ದಾವಲ್‌ಸಾಬರ ಕೈಯಲ್ಲಿ ನೀವು ಕಳಿಸಿದ ಚೀಟಿ ಮುಟ್ಟಿತು. ಸಿಂಧನೂರಿನ ಕ್ವಾರ್ಟರ್ಸಿಗೆ ನಲ್ಲಿ ನೀರು ಸರಿಯಾಗಿ ಬರುತ್ತಿಲ್ಲ, ಬಿಳಿ ಅಂಗಿ ಸಿಗುತ್ತಿಲ್ಲ, ಹೋಟೆಲ್ ಊಟ ಹೊಟ್ಟೆಗೆ ಆಗುತ್ತಿಲ್ಲ ಎಂದು ಬರೆದಿದ್ದೀರಿ. ಕೊನೆಗೆ, ಒಂದು ನಗೆಮಾತಿಗೆ ಇಷ್ಟು ದಿನ ಮುನಿಸಿಕೊಂಡು ಕೂರುವುದೇ, ಸಿಟ್ಟು ಇಳಿದಿದ್ದರೆ ಲಾರಿಯಲ್ಲೇ ಬಂದುಬಿಡು ಎಂದಿದ್ದೀರಿ. ಬಿಳಿ ಅಂಗಿ ಟ್ರಂಕಿನಲ್ಲಿ ನನ್ನ ಧಾರೆ ಸೀರೆಯ ಕೆಳಗಿದೆ. ಸಿಟ್ಟಿನ ವಿಷಯಕ್ಕೆ ಬಂದರೆ, ನಾನು ಸಿಟ್ಟಾಗಿಲ್ಲ. ಸಿಟ್ಟು ಬಂದಿದ್ದರೆ ಅಂದೇ ಕೆನಾಲಿನ ಏರಿಯ ಮೇಲೆ ಎಲ್ಲರ ಎದುರು ಜಗಳ ತೆಗೆದು, ಸಂಜೆಗೆ ನಿಮ್ಮ ಜೀಪಿನಲ್ಲೇ ವಾಪಸು ಬರುತ್ತಿದ್ದೆ. ನೀವು ನನಗೆ ಮೋಸ ಮಾಡಿದ್ದೀರಿ. ಅದು ಬೇರೆ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ನೀವು ಅದನ್ನೆಲ್ಲ ಮರೆತವರಂತೆ ನಡೆದುಕೊಂಡಿದ್ದೀರಿ, ಅದಕ್ಕೆ.

ಕೆನಾಲು ಬಂದಾಗ ನಮ್ಮ ಅವ್ವ ಆಗಷ್ಟೇ ಮದುವೆಯಾಗಿ ಈ ಊರಿಗೆ ಬಂದಿದ್ದಳು. ಕೇರಿ ಒಂದು ದಂಡೆಗೆ ಉಳಿಯಿತು. ದುಡಿಯುವ ಗದ್ದೆ, ಮೇವು, ನಮ್ಮವರನ್ನು ಹೂಳುವ ನೆಲ ಎಲ್ಲ ಇನ್ನೊಂದು ದಂಡೆಗೆ ಹೋದವು. ನಡುವೆ ಎರಡಾಳೆತ್ತರದ ಏರಿ, ಏರಿಯ ಮೇಲೆ ಕೆನಾಲು. ಹಳ್ಳದ ನೀರು ಆ ಕಡೆ ಹರಿದು ಹೋಗಲಿ ಎಂದು ಅಂದಿನ ಎಂಜಿನಿಯರರು ಏರಿಯ ಬುಡದಲ್ಲಿ ಕಲ್ಲಿನ ಕಮಾನು ಕಟ್ಟಿದರು. ಅದು ನೀರಿಗಾಗಿ ಕಟ್ಟಿದ್ದು, ಜನರಿಗಾಗಿ ಅಲ್ಲ, ಒಪ್ಪುತ್ತೇನೆ. ಆದರೆ ಹಳ್ಳ ತುಂಬಿ ಬರುವುದು ಮಳೆಗಾಲದ ನಾಲ್ಕಾರು ದಿನ. ಉಳಿದ ದಿನಗಳಲ್ಲಿ ಗದ್ದೆಯ ಬಸಿನೀರು ಪಾದ ಮುಳುಗುವಷ್ಟು ಹರಿದರೆ ಹೆಚ್ಚು. ತಲೆಯ ಮೇಲೆ ಮೇವಿನ ಹೊರೆ ಇಟ್ಟುಕೊಂಡ ಹೆಂಗಸು ಬಗ್ಗದೆ ದಾಟುವಷ್ಟು ಎತ್ತರವಿತ್ತು ಕಮಾನು. ಬೇಸಿಗೆಯಲ್ಲಿ ಒಳಗೆ ತಂಪಾಗಿರುತ್ತಿತ್ತು. ಎಷ್ಟೋ ಕೂಸುಗಳು ಅಲ್ಲೇ ಜೋಳಿಗೆಯಲ್ಲಿ ಮಲಗಿ ಬೆಳೆದಿವೆ.

ಸೇತುವೆ ಇದೆಯಲ್ಲ ಎಂದು ಊರ ಗೌಡರು ಅಂದರು. ಇದೆ, ಊರ ಅಗಸಿಬಾಗಿಲ ಮುಂದೆ, ಗೌಡರ ಕಟ್ಟೆಗೆ ಹತ್ತಿಕೊಂಡೇ ಇದೆ. ಕಟ್ಟೆಯ ಮುಂದೆ ಬಂದಾಗ ಕೇರಿಯವರು ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿಯಬೇಕು. ಹಾಗಂತ ಯಾರೂ ಬೋರ್ಡು ಬರೆದು ಹಾಕಿಲ್ಲ, ಆದರೂ ಎಲ್ಲರೂ ಹಿಡಿಯುತ್ತಾರೆ. ನನಗೆ ಟೀಚರ್ ಕೆಲಸ ಸಿಕ್ಕ ವರ್ಷ ಬೇಕೆಂದೇ ಚಪ್ಪಲಿ ಮೆಟ್ಟಿಕೊಂಡು ನಡೆದುಹೋದೆ. ನನಗೆ ಯಾರೂ ಏನೂ ಅನ್ನಲಿಲ್ಲ. ಮರುದಿನ ಅವ್ವನಿಗೆ ನಾಟಿಗೆ ಬರಬೇಡ ಅಂದರು. ಆ ಹಂಗಾಮು ಪೂರ್ತಿ ಅವಳಿಗೆ ಈ ಊರಲ್ಲಿ ಕೂಲಿ ಇರಲಿಲ್ಲ, ದಢೇಸುಗೂರಿನವರೆಗೆ ಹೋಗಿ ದುಡಿದಳು. ಆಮೇಲಿನಿಂದ ಬಳಗಾನೂರಿನಲ್ಲಿ ಬಸ್ಸಿಳಿದು ಬರುವಾಗಲೆಲ್ಲ ನಾನೂ ಏರಿಯ ಆ ಮಗ್ಗುಲಿನಿಂದ ಬಂದು ಕಮಾನಿನೊಳಗಿಂದಲೇ ಮನೆ ಸೇರುತ್ತಿದ್ದೆ. ಮದುವೆಯಾದ ಮೇಲೆ ನನ್ನನ್ನು ಕರೆದೊಯ್ಯಲು ಮೊದಲ ಸಲ ಬಂದಾಗ ನೀವೂ ಹಾಗೇ ಬಂದಿರಿ. ಹೊಸ ಬೂಟು ಪೂರ್ತಿ ತೊಯ್ದಿತ್ತು. ಬೂಟು ಕೈಯಲ್ಲಿ ಹಿಡಿಯುವುದಕ್ಕಿಂತ ತೊಯ್ಯಿಸಿಕೊಂಡದ್ದೇ ಮೇಲು ಎಂದು ನೀವು ಅಂದಾಗ, ಈ ಮನುಷ್ಯ ನನ್ನವನು ಎಂದುಕೊಂಡೆ.

ಹೋದ ಮಳೆಗಾಲದಲ್ಲಿ ಕಮಾನು ಬಿರುಕು ಬಿಟ್ಟಿತು. ಏರಿ ಕುಸಿದರೆ ಕೆನಾಲಿನ ನೀರೆಲ್ಲ ಕೇರಿಯ ಮೇಲೆ ಎಂದು ಎಲ್ಲರಿಗೂ ಹೆದರಿಕೆ. ಬೇಸಿಗೆಯಲ್ಲಿ ಕೆನಾಲು ಬಂದ್ ಮಾಡಿದಾಗ ಹಳೆಯದನ್ನು ಒಡೆದು ಹೊಸ ಮೋರಿ ಹಾಕಬೇಕೆಂದು ಗೊತ್ತಾಯಿತು. ಆ ಕೆಲಸ ನಿಮ್ಮ ಸೆಕ್ಷನ್ನಿಗೇ ಬಂದಾಗ ನಾನು ಎಷ್ಟು ಹಿಗ್ಗಿದ್ದೆ ಎಂಬುದು ನಿಮಗೆ ನೆನಪಿದೆಯೋ ಇಲ್ಲವೋ. ಅವ್ವ ಕೇರಿಯ ತುಂಬ ಹೇಳಿಕೊಂಡು ಬಂದಳು, 'ನಮ್ಮ ಅಳಿಯಾನ ಮಾಡಸ್ತಾನ' ಎಂದು.

ಯುಗಾದಿಯ ಹಿಂದಿನ ದಿನ ನೀವು ಅಡುಗೆಮನೆಯ ನೆಲದಲ್ಲಿ ಕೂತು ಜೋಳದ ಹಿಟ್ಟಿನಿಂದ ಏರಿ ಮಾಡಿ ತೋರಿಸಿದಿರಿ. ಖಾಲಿ ಬೆಂಕಿಪೆಟ್ಟಿಗೆಯ ಕಡ್ಡಿ ಇಡುವ ಗೂಡು ತೆಗೆದುಹಾಕಿ, ಹೊರಗಿನ ಕವಚವನ್ನು ಏರಿಯಲ್ಲಿ ಕೂರಿಸಿ, ಇದು ಒಂದು ಬಗೆ, ಎರಡು ಕಡೆ ಗೋಡೆ, ಮೇಲೆ ಸ್ಲ್ಯಾಬು, ಆಳು ನಿಂತುಕೊಂಡೇ ದಾಟಬಹುದು ಅಂದಿರಿ. ಆಮೇಲೆ ನನ್ನ ಕೈಯಿಂದ ಎರಡು ಬಳೆ ಬಿಚ್ಚಿಸಿ ಹಿಟ್ಟಿನಲ್ಲಿ ನಿಲ್ಲಿಸಿ, ಇದು ಇನ್ನೊಂದು ಬಗೆ, ಸಿಮೆಂಟಿನ ಪೈಪು, ನೀರಿಗೆ ಸಾಕು, ಕೆಲಸವೂ ಬೇಗ ಅಂದಿರಿ. ಹಬ್ಬದ ಹಿಂದಿನ ದಿನ ಬಳೆ ಬಿಚ್ಚಿಸುತ್ತೀರಲ್ಲ ಎಂದು ನಾನು ಗೊಣಗಿದೆ. ನೀವು ನಕ್ಕು ಕೇಳಿದಿರಿ: 'ನಿಮ್ಮ ಕೇರಿ ಹೆಣ್ಮಕ್ಕಳಿಗೆ ಯಾವುದು ಬೇಕು ಕೇಳ್ಕೊಂಡು ಬಾ. ಅವರು ಹೇಳಿದ್ದ ಮಾಡೋಣು.'

ನಾನು ಹಬ್ಬಕ್ಕೆ ಇಲ್ಲಿಗೆ ಬಂದವಳು ಹೋಳಿಗೆ ತಿನ್ನುವುದು ಬಿಟ್ಟು ಮನೆಮನೆಗೆ ಹೋದೆ. ನಿಮಗೆ ಯಾವ ಮೋರಿ ಬೇಕು ಎಂದು ಇವರನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಮೊದಲು ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡರು. ಆಮೇಲೆ ನಮ್ಮ ಪಕ್ಕದ ಮನೆಯ ಆದಮ್ಮ ಒಳಗೆ ಹೋಗಿ ಮೇವಿನ ಹೊರೆ ತಲೆಯ ಮೇಲೆ ಹೊತ್ತು ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತಳು. 'ಇಗೋ ನೋಡವ್ವ, ನಿನ್ನ ಗಂಡಗ ಇಷ್ಟು ಎತ್ತರ ಅಂತ ಹೇಳು' ಎಂದಳು. ಹೊರೆಯ ಮೇಲೊಂದು ಗೇಣು ಬಿಟ್ಟು ನಾನು ಇದ್ದಿಲಿನಿಂದ ಗೆರೆ ಹಾಕಿದೆ. ದಾರದಲ್ಲಿ ಅಳತೆ ಹಿಡಿದು ತಂದು ನಿಮ್ಮ ಕೈಗೆ ಕೊಟ್ಟೆ. ನೀವು ದಾರವನ್ನು ಬೆರಳಿಗೆ ಸುತ್ತಿಕೊಂಡು, ಆಗತೈತಿ ಬಿಡು, ನಾ ಅದೀನಲ್ಲ ಅಂದಿರಿ. ಆ ಮಾತನ್ನು ನಾನು ಹಾಗೇ ಇವರಿಗೆ ಬಂದು ಒಪ್ಪಿಸಿದೆ.

ಅದೇ ಖುಷಿಯಲ್ಲಿ, ಊಟಕ್ಕೆ ಕೂತಾಗ, ಹಕ್ಕಲಿನ ಕಥೆಯನ್ನೂ ಹೇಳಿದೆ. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಉದುರಿ ಬಿದ್ದ ತೆನೆ ಆಯ್ದವರಿಗೆ ಸೇರಿದ್ದು. ಇದು ಎಲ್ಲ ಊರಲ್ಲೂ ಇರುವ ರೂಢಿ. ಆಂಧ್ರದಿಂದ ಬಂದ ಕ್ಯಾಂಪಿನ ರೈತರೂ ಅದಕ್ಕೆ ಬೇಡ ಅನ್ನುವುದಿಲ್ಲ. ನಮ್ಮೂರ ಗೌಡರು ಮಾತ್ರ ಆಯ್ದದ್ದರಲ್ಲಿ ಅರ್ಧ ಕಟ್ಟೆಗೆ ಸುರಿದು ಹೋಗಬೇಕು ಎಂದು ಕಟ್ಟು ಮಾಡಿದ್ದರು. ಅವ್ವ ಉಡಿಯಲ್ಲಿ ತೆನೆ ಕಟ್ಟಿಕೊಂಡು, ಮೇಲೆ ಹುಲ್ಲಿನ ಹೊರೆ ಹೊತ್ತು, ನನ್ನನ್ನು ಮುಂದೆ ಬಿಟ್ಟು ಕಮಾನಿನೊಳಗಿಂದ ಬರುತ್ತಿದ್ದಳು. ಒಂದು ಸಲ ಕಪ್ಪೆ ನನ್ನ ಕಾಲ ಮೇಲೆ ಹಾರಿ, ನಾನು ಚೀರಿ ಅವ್ವನನ್ನು ಹಿಡಿದುಕೊಂಡು, ಅವಳ ಉಡಿ ಬಿಚ್ಚಿ ತೆನೆಯೆಲ್ಲ ನೀರಿಗೆ ಬಿತ್ತು. ಇಬ್ಬರೂ ಕತ್ತಲಲ್ಲಿ ತಡಕಾಡಿ ಆಯ್ದೆವು. ಅವತ್ತಿನ ಅನ್ನದಲ್ಲಿ ಹಳ್ಳದ ಉಸುಕು. ಇದನ್ನು ಹೇಳುತ್ತ ನಾನು ನಕ್ಕೆ, ನೀವೂ ನಕ್ಕಿರಿ. ಗಂಡನ ತಟ್ಟೆಗೆ ಸಾರು ಬಡಿಸುತ್ತ ಹೆಂಡತಿ ಹೇಳಿದ ಮಾತು ಅದು. ಏರಿಯ ಮೇಲೆ ಹೇಳಲಿಕ್ಕೆ ಕೊಟ್ಟದ್ದಲ್ಲ.

ಕಮಾನು ಒಡೆದಾದ ಮೇಲೆ, ಹೋದ ವಾರ ನೀವು ಜೀಪಿನಲ್ಲಿ ಬಂದಿರಿ. ಬೇವಿನ ಮರದ ಕೆಳಗೆ ಗೌಡರು, ಅವರ ಮಂದಿ. ಸ್ವಲ್ಪ ದೂರದಲ್ಲಿ ನಾನು, ಅವ್ವ, ಆದಮ್ಮ, ಕೇರಿಯ ಹೆಂಗಸರು. ಎಲ್ಲರ ಕಿವಿಯೂ ನಿಮ್ಮ ಕಡೆಗೆ. ಗೌಡರು ಕೇಳಿದರು, 'ಸಾಹೇಬ್ರ, ಆ ಕಮಾನು ಹಳ್ಳಕ್ಕ ಕಟ್ಟಿದ್ದೋ, ಕೇರಿಗೆ ಕಟ್ಟಿದ್ದೋ?' ನೀವು ಒಮ್ಮೆ ನಮ್ಮ ಕಡೆ ನೋಡಿದಿರಿ. ನೋಡಿಲ್ಲ ಎಂದು ಬರೆಯಬೇಡಿ, ನನ್ನ ಕಣ್ಣಿಗೆ ನಿಮ್ಮ ಕಣ್ಣು ಕೂಡಿತ್ತು. ಆಮೇಲೆ ನಗುತ್ತ ಅಂದಿರಿ: 'ಹಳ್ಳಕ್ಕರೀ ಗೌಡ್ರ. ನಮ್ಮ ಅತ್ತಿ ಉಡಿಯಾಗ ನಿಮ್ಮ ಹಕ್ಕಲ ತುಂಬಿಕೊಂಡು ಹೋಗಾಕ ಕಟ್ಟಿದ್ದಲ್ಲ. ನಮ್ಮ ಮನಿಯಾಕಿನ ಹೇಳ್ಯಾಳ. ಪೈಪ್ ಹಾಕಿದ್ರ ಆ ದಾರಿನೂ ಬಂದ್ ಆಗತೈತಿ.'

ಗೌಡರು ತೊಡೆ ತಟ್ಟಿ ನಕ್ಕರು. ಅವರು ನಕ್ಕರೆಂದು ಅವರ ಮಂದಿ ನಕ್ಕರು. ನೀವು ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಿರಿ. ಅವ್ವ ಸೆರಗು ಸರಿಮಾಡಿಕೊಂಡು ಮನೆ ಕಡೆ ನಡೆದಳು. ಅವಳ ಹಿಂದೆ ಒಬ್ಬೊಬ್ಬರೇ ಹೋದರು. ನಾನು ಒಬ್ಬಳೇ ನಿಂತಿದ್ದೆ. ನೀವು ನನ್ನನ್ನು ಕರೆಯಲಿಲ್ಲ.

ನಿಮ್ಮ ಚೀಟಿಯಲ್ಲಿ ಕಾರಣ ಕೊಟ್ಟಿದ್ದೀರಿ. ಕೆನಾಲಿಗೆ ನೀರು ಬಿಡುವ ದಿನ ಹತ್ತಿರವಿದೆ, ಗೋಡೆ ಸ್ಲ್ಯಾಬು ಎಂದರೆ ಕಾಂಕ್ರೀಟು ಒಣಗಿ ಗಟ್ಟಿಯಾಗಲು ಕಾಯಬೇಕು, ಭತ್ತದವರು ಕಾಯುವುದಿಲ್ಲ, ಪೈಪಾದರೆ ಇಳಿಸಿ ಮಣ್ಣು ಮುಚ್ಚಿದರೆ ಮುಗಿಯಿತು. ಇದಷ್ಟೇ ಆಗಿದ್ದರೆ ನಾನು ಒಪ್ಪುತ್ತಿದ್ದೆ. ನೀರು ತಡವಾದರೆ ನಾಟಿ ತಡ, ನಾಟಿ ತಡವಾದರೆ ಇದೇ ಹೆಂಗಸರ ಕೂಲಿಯೂ ತಡ. ಅಷ್ಟು ನನಗೂ ತಿಳಿಯುತ್ತದೆ. ಆದರೆ ಹಳೆಯ ಕಮಾನಿನ ಕಲ್ಲಿನಿಂದಲೇ ಗೋಡೆ ಕಟ್ಟಿ, ಸ್ಲ್ಯಾಬನ್ನು ಬೇರೆ ಕಡೆ ಮೊದಲೇ ಎರಕ ಹೊಯ್ದು ತಂದು ಕೂರಿಸಿದರೆ ದಿನ ಉಳಿಯುತ್ತವೆ ಎಂದು ಹಿಟ್ಟಿನ ಏರಿಯ ಮುಂದೆ ಕೂತು ಹೇಳಿದವರು ಯಾರು? ಮರುದಿನವೇ ಎರಕ ಹೊಯ್ಯಿಸಿದ್ದರೆ ಈಗ ಸ್ಲ್ಯಾಬು ಕಲ್ಲಾಗಿರುತ್ತಿತ್ತು.

ಹೊಯ್ಯಿಸಲಿಲ್ಲ ಏಕೆ ಎಂಬುದು ನನಗೆ ದಾವಲ್‌ಸಾಬರಿಂದ ತಿಳಿಯಿತು. ಅವರೇನೂ ಚಾಡಿ ಹೇಳಿದ್ದಲ್ಲ. ನೀರು ಕೊಡುತ್ತ, ಅಣ್ಣಾ, ಈ ಪೈಪು ಎಲ್ಲಿಂದ ತಂದಿರಿ ಎಂದು ನಾನು ಸುಮ್ಮನೆ ಕೇಳಿದೆ. 'ಮಸ್ಕಿಯಾಗ ಬಿದ್ದಿದ್ವು ತಂಗಿ. ಹೋಳಿ ಹುಣ್ಣಿಮಿ ಆದ ಮರುದಿನ ನಾನ ಒಯ್ದು ಇಳಿಸಿದ್ದೆ. ನಿಮ್ಮ ಹಳ್ಳಕ್ಕಂತ ಸಾಹೇಬ್ರು ಅವಾಗ ಹೇಳಿದ್ರು' ಎಂದರು.

ಹೋಳಿ ಹುಣ್ಣಿಮೆ. ಯುಗಾದಿಗೆ ಮೊದಲೇ. ಎಂದರೆ ನೀವು ನನ್ನ ಬಳೆ ಬಿಚ್ಚಿಸಿಕೊಳ್ಳುವ ಹೊತ್ತಿಗೆ ಪೈಪು ಆರಿಸಿ ಆಗಿತ್ತು. ನನ್ನನ್ನು ಮನೆಮನೆಗೆ ಕಳಿಸುವ ಹೊತ್ತಿಗೆ, ಆದಮ್ಮ ಹೊರೆ ಹೊತ್ತು ನಿಲ್ಲುವ ಹೊತ್ತಿಗೆ, ನೀವು ದಾರವನ್ನು ಬೆರಳಿಗೆ ಸುತ್ತಿಕೊಳ್ಳುವ ಹೊತ್ತಿಗೆ ಪೈಪು ಮಸ್ಕಿಯಲ್ಲಿ ಬಿದ್ದಿತ್ತು. ಹಾಗಾದರೆ ನನ್ನನ್ನು ಕಳಿಸಿದ್ದು ಏಕೆ? ಯೋಚಿಸಿ ಯೋಚಿಸಿ ನನಗೆ ಹೊಳೆಯುವುದು ಒಂದೇ. ನಾನು ಹೇಳಿದರೆ ಕೇರಿ ನಂಬುತ್ತದೆ, ಕಮಾನು ಒಡೆಯುವ ದಿನ ಯಾರೂ ಅಡ್ಡ ಬರುವುದಿಲ್ಲ. ಹಾಗೇ ಆಯಿತು. ಒಡೆಯುವ ದಿನ ಇವರು ಕೂಲಿಗಳಿಗೆ ನೀರು ತಂದು ಕೊಟ್ಟರು, ಒಡೆದ ಕಲ್ಲನ್ನು ದಂಡೆಗೆ ಹೊತ್ತು ಹಾಕಿದರು. ನನ್ನ ಮಾತಿನ ಮೇಲೆ ಕೊಟ್ಟರು, ನನ್ನ ಮಾತಿನ ಮೇಲೆ ಹೊತ್ತರು.

ಪೈಪು ದಂಡೆಗೆ ಬಂದು ಬಿದ್ದ ದಿನ ಏನಾಯಿತೆಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಆದಮ್ಮ ಮೇವಿನ ಹೊರೆಯನ್ನು ಮುಂದೆ ದೂಡುತ್ತ ಅದರೊಳಗೆ ತೆವಳಿ ನೋಡಿದಳು. ಹೊರೆ ನಡುವೆ ಸಿಕ್ಕಿಕೊಂಡಿತು. ಹುಡುಗರಿಗೆ ಅದೊಂದು ಆಟ. ಆಮೇಲೆ ಅವ್ವ, ಸರಿಯಿರಿ ನಾ ನೋಡ್ತೀನಿ ಎಂದು ಮಂಡಿಯೂರಿ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಆ ಬಾಯಿಯಿಂದ ಬರುತ್ತಾಳೆಂದು ನಾವು ಆ ಕಡೆ ಕಾದರೆ, ಹೋದ ಬಾಯಿಯಿಂದಲೇ ಹಿಂದಕ್ಕೆ ಬಂದಳು. ಮೊದಲು ಕಂಡದ್ದು ಅವಳ ಅಂಗಾಲು. ಮೊಣಕಾಲು ತರಚಿತ್ತು. ಸೀರೆ ಕೊಡವಿಕೊಂಡು, 'ನೀರಿಗೆ ಛಲೋ ಐತಿ' ಎಂದಳು.

ಏರಿಯ ಮೇಲೆ ನೀವು ಆಡಿದ ಮಾತಿನ ಬಗ್ಗೆ ಅವ್ವ ನಿಮ್ಮನ್ನು ಒಂದು ಮಾತೂ ಅಂದಿಲ್ಲ. ನಾನೇ ಕೆದಕಿ ಕೇಳಿದಾಗ ರೊಟ್ಟಿ ಬಡಿಯುತ್ತ ಇಷ್ಟೇ ಅಂದಳು: 'ಅವ ಹೇಳಿದ್ದಕ್ಕ ಏನಿಲ್ಲವ್ವ, ಅವ ಹೊರಗಿನವ. ನೀ ಅದನ್ನ ಅವಗ ನಕ್ಕೋಂತ ಹೇಳಿದ್ದಿ ಅನಸ್ತೈತಿ.' ನಲ್ಲಿಯ ಹತ್ತಿರ ನಾನು ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಯಾರೂ ಬೈಯಲಿಲ್ಲ. 'ಇನ್ನ ನಿನ್ನ ಮುಂದ ನೋಡಿ ಮಾತಾಡಬೇಕವ್ವ, ಗೌಡ್ರ ಕಟ್ಟಿಗೆ ಮುಟ್ಟತೈತಿ' ಎಂದು ಆದಮ್ಮ ಒಂದು ದಿನ ಅಂದಳು, ಅದೂ ಮೆಲ್ಲಗೆ. ನನ್ನ ಕೂದಲು ಬಾಚಿ ಬೆಳೆಸಿದ ಕೈ ಅವಳದು.

ನೀವು ಹೀಗೇಕೆ ಮಾಡಿದಿರಿ ಎಂದು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಗೌಡರು ನಿಮ್ಮನ್ನು ಕಟ್ಟೆಯ ಮೇಲೆ ಕೂರಿಸಿಕೊಂಡರು. ಮನೆಯವರು ಕುಡಿಯುವ ಕಪ್ಪು-ಬಸಿಯಲ್ಲೇ ಚಹಾ ಕೊಟ್ಟರು. ನೀವು ಮನೆಗೆ ಬಂದು, ಬಸಿಯ ಅಂಚಿಗೆ ನೀಲಿ ಹೂವಿತ್ತು ಎಂದು ಎರಡು ಸಲ ಹೇಳಿದಿರಿ. ಲಿಂಗಸುಗೂರಿನ ಹೋಟೆಲಿನಲ್ಲಿ ಹುಡುಗನಾಗಿದ್ದಾಗ ನಿಮಗೆ ಏನಾಯಿತು, ನಿಮ್ಮ ಗ್ಲಾಸು ಎಲ್ಲಿಡುತ್ತಿದ್ದರು, ನಿಮ್ಮ ಅಪ್ಪ ಅಂದು ಏನು ಮಾಡಿದರು ಎಂಬುದನ್ನು ನನ್ನ ಮಡಿಲಲ್ಲಿ ತಲೆಯಿಟ್ಟು ನೀವು ಹೇಳಿದ್ದೀರಿ. ಆ ಚಹಾದ ಆಸೆ ಎಷ್ಟು ಹಳೆಯದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕುಡಿಯಿರಿ, ನೂರು ಸಲ ಕುಡಿಯಿರಿ. ಆದರೆ ಕುಡಿದ ಚಹಾಕ್ಕೆ ಬದಲಾಗಿ ನಮ್ಮ ಅವ್ವನ ಉಡಿಯನ್ನು ಅವರ ಮುಂದೆ ಬಿಚ್ಚಿ ತೋರಿಸಿದಿರಲ್ಲ, ಅದನ್ನು ನಾನು ಹೇಗೆ ನುಂಗಲಿ? ನಿಮ್ಮ ಗ್ಲಾಸಿನ ಕಥೆಯನ್ನು ನಾನು ಇಂದಿಗೂ ಯಾರ ಮುಂದೆಯೂ ಆಡಿಲ್ಲ. ನಗಿಸಲಿಕ್ಕಂತೂ ಆಡಿಲ್ಲ. ಇನ್ನು ಮುಂದೆಯೂ ಆಡುವುದಿಲ್ಲ, ನೀವು ಹೆದರಬೇಕಿಲ್ಲ.

ನನಗೆ ನಿಮ್ಮ ಕ್ಷಮೆ ಬೇಡ. ಅವ್ವನ ಕಾಲಿಗೆ ಬೀಳುವುದೂ ಬೇಡ, ಅವಳಿಗೆ ನಾಚಿಕೆಯಾಗುತ್ತದೆ. ಪೈಪನ್ನು ಬಂದ ಲಾರಿಯಲ್ಲೇ ವಾಪಸು ಕಳಿಸಿ. ದಂಡೆಯ ಮೇಲೆ ಕಮಾನಿನ ಕಲ್ಲು ಒಂದೂ ಹೋಗಿಲ್ಲ. ಇವರೇ ಹೊತ್ತು ಹಾಕಿದ್ದು, ಇವರೇ ಮತ್ತೆ ಹೊತ್ತು ಕೊಡುತ್ತಾರೆ. ಸ್ಲ್ಯಾಬು ಇವತ್ತೇ ಎರಕ ಹೊಯ್ಯಿಸಿ. ನೀರು ನಾಲ್ಕು ದಿನ ತಡವಾಗುತ್ತದೆ ಎಂದು ಗೌಡರಿಗೆ ನೀವೇ ಹೇಳಿ, ಅದೇ ಕಟ್ಟೆಯ ಮೇಲೆ ಕೂತು ಹೇಳಿ. ಅದನ್ನು ಹೇಳಿದ ಮೇಲೂ ಅವರು ಆ ಬಸಿಯಲ್ಲೇ ಚಹಾ ಕೊಟ್ಟರೆ, ಅದು ನಿಮಗೇ ಕೊಟ್ಟ ಚಹಾ. ಆಮೇಲೆ ನಾನು ಸಿಂಧನೂರಿಗೆ ಬರುವ ಮಾತು. ಅಲ್ಲಿಯವರೆಗೆ ನನ್ನ ಶಾಲೆಗೆ ರಜೆ ಇದೆ, ಇಲ್ಲಿ ನನಗೆ ಕೆಲಸ ಇದೆ.

ಹೊಟ್ಟೆಗೆ ಆಗದಿದ್ದರೆ ಹೋಟೆಲಿನಲ್ಲಿ ಮಜ್ಜಿಗೆ ಕೇಳಿ, ಕರಿದದ್ದು ತಿನ್ನಬೇಡಿ.

ಇಂತಿ,
ಮಾರೆಮ್ಮನ ಮಗಳು
ಪಾರ್ವತೆಮ್ಮ

ತಾ. ಕ.: ದಾವಲ್‌ಸಾಬರ ಮೇಲೆ ರೇಗಬೇಡಿ. ಅವರು ಉಳಿದ ಪೈಪು ಇಳಿಸದೆ ಲಾರಿಯನ್ನು ದಂಡೆಯ ಮೇಲೆ ನಿಲ್ಲಿಸಿದ್ದಾರೆ, ಈ ಕಾಗದ ಕೊಡಲು ಬಸ್ಸು ಹಿಡಿದು ನಿಮ್ಮ ಹತ್ತಿರ ಬರುತ್ತಿದ್ದಾರೆ. ಇಳಿಸಲು ಜಾಗವಿಲ್ಲ. ನೀವು ಏರಿ ಸೀಳಿ ಪೈಪಿಗೆಂದು ತೋಡಿಸಿದ ಗುಂಡಿಯಲ್ಲಿ ಕೇರಿಯ ಹೆಂಗಸರು ಬೆಳಿಗ್ಗೆಯಿಂದ ಕೂತಿದ್ದಾರೆ. ನಾನು ಈ ಕಾಗದ ಬರೆದದ್ದು ಅಲ್ಲಿಯೇ, ಅವ್ವನ ಪಕ್ಕದಲ್ಲಿ. ನಿಮ್ಮ ಬಗ್ಗೆ ಬರೆದದ್ದನ್ನೆಲ್ಲ ಅಲ್ಲ, ಹೋಳಿ ಹುಣ್ಣಿಮೆಯ ಮಾತನ್ನಷ್ಟೇ ಇವರಿಗೆ ನಿನ್ನೆ ಹೇಳಿದೆ. ಬೆಳಿಗ್ಗೆ ಆದಮ್ಮ ಬಂದು ಬಾಗಿಲಲ್ಲಿ ನಿಂತು, ಬಾರವ್ವ ಎಂದು ಕರೆದಳು. ಎತ್ತಿಸುವುದಾದರೆ ಮೊದಲು ನನ್ನನ್ನು ಎತ್ತಿಸಬೇಕು, ಮುಂದೆ ಕೂತವಳು ನಾನೇ. ಈಗ ಊಟ ತರಲು ಆದಮ್ಮ ಕೇರಿಗೆ ಹೋಗಿದ್ದಾಳೆ. ಅಳಿಯ ಬರ್ತಾನ, ಅವಗೂ ಎರಡು ರೊಟ್ಟಿ ಹೆಚ್ಚಿಗಿ ತಾ ಎಂದು ಅವ್ವ ಅವಳಿಗೆ ಹೇಳಿದಳು. ನಾನು ಬೇಡ ಎಂದೆ.